ವಾಕ್ಯಾರ್ಥ ಸಭೆಯಲ್ಲಿ ಬೆಳೆದ ವಟುಗಳು

ಮಾಧ್ವ ಪರಂಪರೆಯಲ್ಲಿ ವಿದ್ಯೆಯು ಏಕಾಂತದ ಸಂಪತ್ತಾಗಿ ಉಳಿದದ್ದಿಲ್ಲ. ಶ್ರೀಮದಾಚಾರ್ಯರೊಡನೆ ಹಲವು ದಿನ ವಾದ ನಡೆಸಿ, ಕೊನೆಗೆ ಅವರ ಶಿಷ್ಯತ್ವವನ್ನೇ ವಹಿಸಿದ ತ್ರಿವಿಕ್ರಮ ಪಂಡಿತಾಚಾರ್ಯರ ವೃತ್ತಾಂತವು ನಮ್ಮ ಮನೆಗಳಲ್ಲಿ ಎಲ್ಲರಿಗೂ ಪರಿಚಿತವಾದುದೇ. ಕಲಿತದ್ದನ್ನು ಸಭೆಯ ಮುಂದಿಟ್ಟು ಪರೀಕ್ಷೆಗೆ ಒಡ್ಡುವ ಈ ಸಂಪ್ರದಾಯವೇ ಬೆಂಗಳೂರಿನ ಪೂರ್ಣಪ್ರಜ್ಞ ವಿದ್ಯಾಪೀಠದ ಜೀವಾಳವಾಯಿತು.

1931ರಲ್ಲಿ ರಾಮಕುಂಜದಲ್ಲಿ ಜನಿಸಿದ ಶ್ರೀ ವಿಶ್ವೇಶತೀರ್ಥ ಶ್ರೀಪಾದರು 1938ರಲ್ಲಿ, ಏಳರ ಎಳವೆಯಲ್ಲಿಯೇ, ಪೇಜಾವರ ಮಠದ ಯತಿಗಳಾದರು. ಭಂಡಾರಕೇರಿ ಮಠದ ಶ್ರೀ ವಿದ್ಯಾಮಾನ್ಯತೀರ್ಥರ ಸನ್ನಿಧಿಯಲ್ಲಿ ಅವರ ಶಾಸ್ತ್ರಾಧ್ಯಯನ ನಡೆಯಿತು. ಮೊದಲ ಪರ್ಯಾಯಕ್ಕೆ (1952-54) ಕುಳಿತಾಗ ಅವರಿಗಿನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಆ ವೇಳೆಗೆ ಪಂಡಿತ ಮನೆತನಗಳ ಮಕ್ಕಳೂ ಇಂಗ್ಲಿಷ್ ಶಾಲೆ, ಕಚೇರಿ, ಬ್ಯಾಂಕುಗಳತ್ತ ಹೊರಟಿದ್ದರು. ತಪ್ಪು ಅವರದಲ್ಲ, ಹೊಟ್ಟೆಪಾಡು ದೊಡ್ಡದು. ಆದರೆ ತಂದೆಯಿಂದ ಮಗನಿಗೆ ಇಳಿದು ಬಂದ ಪಾಠವು ಒಂದು ತಲೆಮಾರಿನಲ್ಲಿ ಕಡಿದರೆ, ಮುಂದಿನವರಿಗೆ ಗ್ರಂಥವಿದ್ದೂ ಹೇಳಿಕೊಡುವವರಿಲ್ಲದಂತಾಗುತ್ತದೆ. 1956ರಲ್ಲಿ ವಿದ್ಯಾಪೀಠ ಆರಂಭವಾದುದು ಈ ಆತಂಕದ ನಡುವೆ. ಸ್ಥಾಪಕರಿಗೆ ಆಗ ಇಪ್ಪತ್ತೈದರ ಪ್ರಾಯ!

ಎಳೆಯ ವಟುಗಳು ಸೇರಿ ಸುಮಾರು 12 ವರ್ಷ ಗುರುಕುಲವಾಸ ಮಾಡುವ ವ್ಯವಸ್ಥೆ ಅಲ್ಲಿಯದು. ಕಾವ್ಯ, ವ್ಯಾಕರಣ, ತರ್ಕಗಳನ್ನು ದಾಟಿ, ಕಡೆಗೆ ಶ್ರೀಮಜ್ಜಯತೀರ್ಥರ ನ್ಯಾಯಸುಧೆಯನ್ನು ಮುಟ್ಟಬೇಕು. ಅನುವ್ಯಾಖ್ಯಾನದ ಟೀಕೆಯಾದ ಈ ಗ್ರಂಥದ ರಚನೆಯೇ ಒಂದು ಶಿಕ್ಷಣ. ಎದುರಾಳಿಯ ಮತವನ್ನು ಅದರ ಪೂರ್ಣ ಬಲದೊಡನೆ ಮಂಡಿಸಿದ ಮೇಲೆಯೇ ಖಂಡನೆ. ವಾಕ್ಯಾರ್ಥಕ್ಕೆ ಕುಳಿತ ವಿದ್ಯಾರ್ಥಿಯೂ ಹಾಗೆಯೇ ಪೂರ್ವಪಕ್ಷವನ್ನು ನಿಷ್ಠೆಯಿಂದ ಒಪ್ಪಿಸಬೇಕು. ಅಲ್ಲಿ ಎಡವಿದರೆ ಸಿದ್ಧಾಂತ ಹೇಳುವ ಅಧಿಕಾರವೇ ಅವನಿಗಿಲ್ಲ. ಹಿರಿಯ ವಿದ್ವಾಂಸರು ನಡುವೆ ಪ್ರಶ್ನೆ ಎಸೆಯುತ್ತಾರೆ. ಹುಡುಗ ತಡವರಿಸುತ್ತಾನೆ, ಸಾವರಿಸಿಕೊಳ್ಳುತ್ತಾನೆ, ಮತ್ತೆ ಮುಂದುವರಿಯುತ್ತಾನೆ. ಸಭಾಕಂಪವನ್ನು ನೀಗಿಸಲು ಇದಕ್ಕಿಂತ ಉತ್ತಮವಾದ ಉಪಾಯ ಇಂದಿನ ಯಾವ ವ್ಯಕ್ತಿತ್ವ ವಿಕಸನ ಶಿಬಿರದಲ್ಲಿಯೂ ಇದ್ದಂತೆ ಕಾಣದು.

ಶ್ರೀಪಾದರು ಪಾಠವನ್ನು ಅಧ್ಯಾಪಕರಿಗೆ ಒಪ್ಪಿಸಿ ಸುಮ್ಮನಿರಲಿಲ್ಲ. ಸುಧಾಪಾಠವನ್ನು ಸ್ವತಃ ಹೇಳುತ್ತಿದ್ದರು. ಸಂಚಾರಕ್ಕೆ ಹೊರಟರೆ ವಿದ್ಯಾರ್ಥಿಗಳೂ ಜೊತೆಗೆ. ಬಿಡಾರ ಬದಲಾದರೂ ಪಾಠ ನಿಲ್ಲುತ್ತಿರಲಿಲ್ಲ. ಭಕ್ತರ ಅಹವಾಲು, ಮಠದ ಆಡಳಿತ, ಸಾಮಾಜಿಕ ವಿವಾದಗಳು ಎಲ್ಲವನ್ನೂ ಗುರುಗಳು ಹೇಗೆ ನಿಭಾಯಿಸುತ್ತಾರೆಂಬುದನ್ನು ಶಿಷ್ಯರು ಹತ್ತಿರದಿಂದ ಕಂಡರು. ಈ ಶಿಕ್ಷಣಕ್ಕೆ ಪಠ್ಯಪುಸ್ತಕವೆಲ್ಲಿಯದು? ಅಧ್ಯಯನ ಮುಗಿದಾಗ ನಡೆಯುವ ಸುಧಾಮಂಗಳವು ಊರಿನ ಹಬ್ಬದಂತಾಗಿ, ತುಂಬಿದ ಸಭೆಯಲ್ಲಿ ವಿದ್ವಾಂಸರ ಎದುರು ತರುಣರು ಗ್ರಂಥದ ಅನುವಾದ ಮಾಡುತ್ತಾರೆ. ಗೃಹಸ್ಥ ಕುಟುಂಬಗಳಿಗೆ ತಮ್ಮ ಮುಂದಿನ ಮಾರ್ಗದರ್ಶಕರ ಮೊದಲ ಪರಿಚಯವಾಗುವುದೂ ಅಲ್ಲಿಯೇ.

ಹೀಗೆ ಹೊರಬಂದವರಲ್ಲಿ ಅನೇಕರು ಅಧ್ಯಾಪಕರಾಗಿ, ಪ್ರವಚನಕಾರರಾಗಿ ನಾಡಿನಾಚೆಗೂ ಹರಡಿದರು. ವಿದ್ಯಾಪೀಠದೊಡನೆ ದೀರ್ಘಕಾಲ ನಂಟಿದ್ದ ವಿದ್ವಾನ್ ಡಿ. ಪ್ರಹ್ಲಾದಾಚಾರ್ಯರು ತಿರುಪತಿಯ ರಾಷ್ಟ್ರೀಯ ಸಂಸ್ಕೃತ ವಿದ್ಯಾಪೀಠದ ಕುಲಪತಿಗಳಾಗಿದ್ದು, 2017ರಲ್ಲಿ ಸನ್ಯಾಸ ಸ್ವೀಕರಿಸಿ ಶ್ರೀ ವಿದ್ಯಾಶ್ರೀಶತೀರ್ಥರೆಂದು ಸೋಸಲೆ ವ್ಯಾಸರಾಜ ಮಠದ ಪೀಠವನ್ನು ಅಲಂಕರಿಸಿದರು.

ಒಂದು ಮಾತನ್ನು ಮುಚ್ಚಿಡಬೇಕಾಗಿಲ್ಲ. ಈ ಗುರುಕುಲವು ಪೂರ್ಣಾವಧಿ ಮುಡಿಪಾಗಿಡಬಲ್ಲ ವಟುಗಳಿಗಾಗಿ ರೂಪುಗೊಂಡದ್ದು. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿದ ಮನೆಗಳಿಂದ 12 ವರ್ಷಕ್ಕೆ ಮಗನನ್ನು ಕಳುಹಿಸುವುದು ಸುಲಭವಲ್ಲ. ಹೆಣ್ಣುಮಕ್ಕಳಿಗಂತೂ ಆ ದಾರಿಯೇ ಇರಲಿಲ್ಲ. ನಗರದ ಮಕ್ಕಳಿಗೆ ಉಳಿದದ್ದು ಶಾಖಾಮಠಗಳ ರಜಾದಿನದ ಪಾಠ, ಸ್ತೋತ್ರಪಠಣ, ಮಧ್ವನವಮಿಯ ಭಾಷಣಸ್ಪರ್ಧೆ. ಅಲ್ಲಿ ಬಾಯಿಪಾಠಕ್ಕೆ ಬಹುಮಾನವುಂಟು, ಪ್ರಶ್ನೆ ಕೇಳಿದವರಿಗೆ ವಿರಳ.

2019ರ ಡಿಸೆಂಬರ್ 29ರಂದು ಶ್ರೀಪಾದರು ಉಡುಪಿಯಲ್ಲಿ ಹರಿಪಾದ ಸೇರಿದಾಗ, ಅವರ ವೃಂದಾವನಕ್ಕೆ ಆಯ್ಕೆಯಾದ ಸ್ಥಳ ಬೆಂಗಳೂರಿನ ಅದೇ ವಿದ್ಯಾಪೀಠ. ಪಾಠಶಾಲೆಯ ಅಂಗಳದಲ್ಲಿಯೇ ಇಂದು ಅದು ಇದೆ.