ಗಣಕಕ್ರೀಡೆಯಲ್ಲಿ ಶೀಲಶಿಕ್ಷಣ

ಇಂಗ್ಲೆಂಡಿನ ಕೆವಿನ್ ಟಾಮ್ಸ್ ಎಂಬವರು 1982ರಲ್ಲಿ ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಗಣಕಕ್ರೀಡೆಯನ್ನು ರಚಿಸಿ, ಚೆಂಡನ್ನು ಒದೆಯುವ ಸುಖಕ್ಕಿಂತ ತಂಡವನ್ನು ನಡೆಸುವ ಚಿಂತೆಯೇ ಹಲವರಿಗೆ ಪ್ರಿಯವಾಗಬಲ್ಲುದೆಂದು ತೋರಿಸಿಕೊಟ್ಟಾಗ, ಅದರ ಆಟಗಾರರಿಗೆ ಕೌಶಲದ ಅಂಕೆಯಿತ್ತೇ ಹೊರತು ಶೀಲವೆಂಬುದಿರಲಿಲ್ಲ. 1992ರಲ್ಲಿ ಕಾಲಿಯರ್ ಸೋದರರ ‘ಚಾಂಪಿಯನ್‌ಶಿಪ್ ಮ್ಯಾನೇಜರ್’ ಎಂಬ ಇದೇ ಬಗೆಯ ಆಟ ಹೊರಬಂದಿತು. ಆ ಪರಂಪರೆಯು 2004ರಲ್ಲಿ ಟಾಮ್ಸರ ಆಟದ ಹಳೆಯ ಹೆಸರನ್ನೇ ಧರಿಸಿ ಮುಂದುವರಿದು ಬೆಳೆದಂತೆ, ವೃತ್ತಿನಿಷ್ಠೆ, ಮಹತ್ತ್ವಾಕಾಂಕ್ಷೆ, ಒತ್ತಡವನ್ನು ತಾಳುವ ಧೃತಿ ಮೊದಲಾದ ಗುಣಗಳು 1ರಿಂದ 20ರವರೆಗಿನ ಅಂಕೆಗಳಾಗಿ ತೆರೆಯ ಮರೆಯಲ್ಲಿ ನೆಲೆಸಿ, ಆಡುವವನ ಕಣ್ಣಿಗೆ ಒಂದೆರಡು ಪದಗಳ ಸ್ವಭಾವವರ್ಣನೆಯಾಗಿ ಮಾತ್ರ ಗೋಚರಿಸಿದುವು.

ಹಿರಿಯರ ಬೂಟುಗಳನ್ನು ಉಜ್ಜುತ್ತ ಅವರ ನಡೆನುಡಿಗಳನ್ನು ಕಲಿಯುತ್ತಿದ್ದ ಇಂಗ್ಲಿಷ್ ಕ್ಲಬ್ಬುಗಳ ಎಳೆಯ ಉಮೇದುವಾರರ ವಾಡಿಕೆಯನ್ನು ನೆನಪಿಸುವಂತೆ, ಒಬ್ಬ ಹಿರಿಯನಿಗೆ ಒಬ್ಬ ಕಿರಿಯನನ್ನು ಒಪ್ಪಿಸುವ ಕ್ರಮವು ಈ ಆಟದಲ್ಲಿ ಬಹುಕಾಲ ನಡೆದುಬಂದಿತು. 2018ರಲ್ಲಿ ಪ್ರಕಟವಾದ ಆವೃತ್ತಿಯು ಅದನ್ನು ತ್ಯಜಿಸಿ, ಕನಿಷ್ಠ ಮೂವರ ಗುಂಪುಗಳನ್ನು ಕಟ್ಟುವ ವಿಧಾನವನ್ನು ತಂದಿತು. ತಂಡದಲ್ಲಿ ಯಾರ ಸ್ಥಾನ ಹಿರಿದೋ ಅವರ ಪ್ರಭಾವವೂ ಹಿರಿದಾಯಿತು, ಸದ್ಗುಣದೊಡನೆ ದುರ್ಗುಣವೂ ಹರಡಬಹುದಾಗಿತ್ತು.

ಈ ಮಾರ್ಪಾಡು ಸ್ವಾಗತಾರ್ಹವೇ. ಆದರೆ ಒಬ್ಬನ ಶೀಲ ಬದಲಾದುದೇಕೆ, ಯಾರ ಸಹವಾಸದಿಂದ, ಯಾವ ಸೋಲುಗೆಲವುಗಳ ಅನುಭವದಿಂದ ಎಂಬುದನ್ನು ಸ್ಪಷ್ಟವಾಗಿ ಕಾಣಿಸದ ವ್ಯವಸ್ಥೆಯು ಅಪೂರ್ಣವೇ ಸರಿ. ಶೀಲವನ್ನು ಅಂಕೆಯಾಗಿಸಿದ ನಿರ್ಮಾಪಕರು, ಇನ್ನು ಅದಕ್ಕೊಂದು ಚರಿತ್ರೆಯನ್ನೂ ಒದಗಿಸಬೇಕು.