ಸ್ತ್ರೀ ಜನನಾಂಗ ಶಿಸ್ಟೊಸೋಮಿಯಾಸಿಸ್

ಸ್ತ್ರೀ ಜನನಾಂಗ ಶಿಸ್ಟೊಸೋಮಿಯಾಸಿಸ್ ಎಂಬುದು ಶಿಸ್ಟೊಸೋಮ ಹೆಮಟೋಬಿಯಮ್ ಎಂಬ ಪರಾವಲಂಬಿ ಹುಳುವಿನ ಮೊಟ್ಟೆಗಳು ಗರ್ಭಕಂಠ, ಯೋನಿ ಮೊದಲಾದ ಅಂಗಗಳಲ್ಲಿ ಸಿಲುಕಿಕೊಳ್ಳುವುದರಿಂದ ಉಂಟಾಗುವ ದೀರ್ಘಕಾಲೀನ ರೋಗ. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕದ ದೇಶಗಳಲ್ಲಿ ಇದು ಹೆಚ್ಚು. ಸುಮಾರು 5.6 ಕೋಟಿ ಸ್ತ್ರೀಯರು ಇದರಿಂದ ಬಾಧಿತರೆಂದು ಅಂದಾಜಿಸಲಾಗಿದೆ.

ಹರಡುವ ಬಗೆ

ಈ ಹುಳುವನ್ನು ಜರ್ಮನ್ ವೈದ್ಯ ಥಿಯೋಡರ್ ಬಿಲ್ಹಾರ್ಜ್ 1851ರಲ್ಲಿ ಕೈರೋದಲ್ಲಿ ಗುರುತಿಸಿದನು. ರೋಗಕ್ಕೆ ಬಿಲ್ಹಾರ್ಜಿಯ ಎಂಬ ಹೆಸರು ಬಂದದ್ದು ಹೀಗೆ. ಬುಲೈನಸ್ ಕುಲದ ಸಿಹಿನೀರಿನ ಬಸವನಹುಳುಗಳಲ್ಲಿ ಬೆಳೆದ ಲಾರ್ವಾಗಳು ನೀರಿಗಿಳಿದವರ ಚರ್ಮವನ್ನು ಭೇದಿಸಿ ಒಳಸೇರುತ್ತವೆ. ಬಟ್ಟೆ ಒಗೆಯುವುದು, ನೀರು ತರುವುದು ಹೆಣ್ಣುಮಕ್ಕಳ ಕೆಲಸವಾಗಿರುವಲ್ಲಿ ಸೋಂಕು ಬಾಲ್ಯದಲ್ಲೇ ಆರಂಭವಾಗುತ್ತದೆ. ಬೆಳೆದ ಹುಳುಗಳು ಮೂತ್ರಕೋಶದ ಸುತ್ತಲಿನ ರಕ್ತನಾಳಗಳಲ್ಲಿ ಜೋಡಿಯಾಗಿ ವರ್ಷಗಟ್ಟಲೆ ಬದುಕುತ್ತವೆ. ಮೊಟ್ಟೆಗಳು ಮೂತ್ರದೊಡನೆ ಹೊರಹೋಗಬೇಕು; ಹಲವು ಹೋಗದೆ ಅಂಗಾಂಶದಲ್ಲೇ ಉಳಿಯುತ್ತವೆ.

ರೋಗನಿರೋಧಕ ವ್ಯವಸ್ಥೆ ಮತ್ತು ವೈರಸ್ ಸೋಂಕು

ಹಾನಿಗೆ ಮುಖ್ಯ ಕಾರಣ ಮೊಟ್ಟೆಗೆ ದೇಹ ತೋರುವ ಪ್ರತಿಕ್ರಿಯೆ. ಇಯೊಸಿನೊಫಿಲ್ ಮುಂತಾದ ರಕ್ಷಣಾ ಕೋಶಗಳು ಮೊಟ್ಟೆಯನ್ನು ಸುತ್ತುವರಿದು ಗಂಟು ಕಟ್ಟುತ್ತವೆ. ಒಳಪೊರೆಯ ಮೇಲೆ ಮರಳು ಚೆಲ್ಲಿದಂತಹ ಹಳದಿ ಕಲೆಗಳು ಮೂಡಿ, ಮುಟ್ಟಿದರೆ ರಕ್ತ ಒಸರುತ್ತದೆ. ಹೀಗೆ ಶಿಥಿಲವಾದ ಪೊರೆಯ ಬಳಿ ಎಚ್‌ಐವಿ ಆಕ್ರಮಿಸುವ ಸಿಡಿ4 ಕೋಶಗಳೂ ನೆರೆಯುತ್ತವೆ. ಜಿಂಬಾಬ್ವೆಯ ಗ್ರಾಮೀಣ ಸ್ತ್ರೀಯರ ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ರೋಗವಿದ್ದವರಲ್ಲಿ ಎಚ್‌ಐವಿ ಇರುವ ಸಾಧ್ಯತೆ ಸುಮಾರು ಮೂರು ಪಟ್ಟು ಹೆಚ್ಚೆಂದು ಕಂಡುಬಂದಿತು. ಆದರೆ ಒಂದೇ ಬಾರಿ ನಡೆಸಿದ ಸಮೀಕ್ಷೆಯಿಂದ ಯಾವುದು ಮೊದಲು ಬಂದಿತೆಂದು ಹೇಳಲಾಗದು; ನಂತರದ ಅಧ್ಯಯನಗಳ ಫಲಿತಾಂಶಗಳೂ ಏಕರೂಪವಾಗಿಲ್ಲ.

ಜನನಾಂಗವನ್ನು ತಲುಪದ ಹುಳುಗಳೂ ಪರಿಣಾಮ ಬೀರಬಲ್ಲವು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕರುಳಿನ ಹುಳುವಿನ ಸೋಂಕಿದ್ದ ಇಲಿಗಳ ಯೋನಿಯಲ್ಲಿ ಇಯೊಸಿನೊಫಿಲ್‌ಗಳು ಹೆಚ್ಚಿ, ಹರ್ಪಿಸ್ ವೈರಸ್‌ನ ಹುಣ್ಣುಗಳು ಉಲ್ಬಣಿಸಿದವು. ಮನುಷ್ಯರಿಗೆ ಇದನ್ನು ನೇರವಾಗಿ ಅನ್ವಯಿಸುವುದು ಅವಸರವಾದೀತು.

ಪತ್ತೆ ಮತ್ತು ಚಿಕಿತ್ಸೆ

ಸ್ರಾವ, ತುರಿಕೆ, ಸಂಭೋಗದ ನಂತರದ ರಕ್ತಸ್ರಾವಗಳನ್ನು ಕಂಡು ಇದನ್ನು ಲೈಂಗಿಕ ರೋಗವೆಂದು ತಪ್ಪಾಗಿ ಭಾವಿಸುವುದುಂಟು. ಇದರಿಂದ ಪ್ರಯೋಜನವಿಲ್ಲದ ಔಷಧಿಯ ಜೊತೆಗೆ ಅಪವಾದವೂ ರೋಗಿಯ ಪಾಲಾಗುತ್ತದೆ. ಮೂತ್ರದಲ್ಲಿ ಮೊಟ್ಟೆ ಕಾಣದಿದ್ದರೂ ರೋಗವಿರಬಹುದು. ಆದ್ದರಿಂದ ಕಾಲ್ಪೊಸ್ಕೋಪ್ ಎಂಬ ಉಪಕರಣದಿಂದ ಗರ್ಭಕಂಠವನ್ನು ಪರೀಕ್ಷಿಸಲಾಗುತ್ತದೆ. ಪ್ರಾಜಿಕ್ವಾಂಟೆಲ್ ಮಾತ್ರೆ ಬೆಳೆದ ಹುಳುಗಳನ್ನು ಕೊಲ್ಲುತ್ತದೆ. ಆದರೆ ಹಳೆಯ ಮೊಟ್ಟೆಗಳಿಂದಾದ ಕಲೆಗಳು ವಯಸ್ಕರಲ್ಲಿ ಹಾಗೆಯೇ ಉಳಿಯಬಹುದಾದ್ದರಿಂದ, ಶಾಲಾ ವಯಸ್ಸಿನಲ್ಲೇ ಮಾತ್ರೆ ನೀಡುವುದಕ್ಕೆ ಹೆಚ್ಚಿನ ಮಹತ್ವವಿದೆ.