ಮರಳಿ ಬಾರದ ಮಕ್ಕಳು ಮತ್ತು ಒಂದು ನಗರದ ನೆನಪು

ಮರಣವು ಎಷ್ಟೇ ಕ್ರೂರವಾಗಿ ಬಂದರೂ ಉಳಿದವರಿಗೆ ಒಂದು ಸಮಾಧಿಯನ್ನಾದರೂ ಬಿಟ್ಟುಹೋಗುತ್ತದೆ. ಅಲ್ಲಿ ನಿಂತು ಅತ್ತು ಮನಸ್ಸು ಹಗುರಾಗಿಸಿಕೊಳ್ಳಬಹುದು. ಆದರೆ ಮನೆಯಿಂದ ಹೊರಟ ಮಗು ಮರಳಿ ಬಾರದಿದ್ದರೆ, ಅದು ಬದುಕಿದೆಯೋ ಇಲ್ಲವೋ ಎಂಬುದೂ ತಿಳಿಯದಿದ್ದರೆ ಹೆತ್ತವರು ಏನು ಮಾಡಬೇಕು? ಕಾಯುವುದನ್ನು ಬಿಟ್ಟು ಅವರಿಗೆ ಬೇರೆ ದಾರಿಯಿರುವುದಿಲ್ಲ. ಅಂತಹ ದುಃಖ ಒಂದು ಕುಟುಂಬದ ಹೊಸ್ತಿಲನ್ನು ದಾಟಿ ಇಡೀ ಸಮಾಜವನ್ನು ಆವರಿಸಿದಾಗ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಅಡಿಲೇಡ್ ನಗರದ ಇತಿಹಾಸದಲ್ಲಿ ಒಂದು ನಿದರ್ಶನವಿದೆ.

1966ರ ಜನವರಿ 26, ಬುಧವಾರ. ಆಸ್ಟ್ರೇಲಿಯಾ ದಿನ. ಜನವರಿಯೆಂದರೆ ಅಲ್ಲಿ ಕಡು ಬೇಸಿಗೆ. ಅಡಿಲೇಡ್‌ನ ಸಾಮರ್ಟನ್ ಪಾರ್ಕ್ ಬಡಾವಣೆಯ ಬ್ಯೂಮಾಂಟ್ ಕುಟುಂಬದ ಮೂವರು ಮಕ್ಕಳು, 9 ವರ್ಷದ ಜೇನ್, 7 ವರ್ಷದ ಆರ್ನಾ ಮತ್ತು 4 ವರ್ಷದ ಗ್ರಾಂಟ್, ಬೆಳಿಗ್ಗೆ ಬಸ್ಸು ಹತ್ತಿ ಸಮೀಪದ ಗ್ಲೆನೆಲ್ಗ್ ಕಡಲತೀರಕ್ಕೆ ಹೊರಟರು. ಕೆಲವೇ ನಿಮಿಷಗಳ ಪ್ರಯಾಣ. ಮಧ್ಯಾಹ್ನದ ಬಸ್ಸಿಗೆ ಮರಳಬೇಕಿತ್ತು. ಆ ಬಸ್ಸಿನಲ್ಲಿ ಅವರು ಬರಲಿಲ್ಲ. ಅನಂತರದ ಬಸ್ಸುಗಳಲ್ಲೂ ಬರಲಿಲ್ಲ. ಸಂಜೆಯ ವೇಳೆಗೆ ವಿಷಯ ಪೊಲೀಸರನ್ನು ತಲುಪಿತು. ಅಂದಿನಿಂದ ಇಂದಿನವರೆಗೆ ಆ ಮಕ್ಕಳ ಒಂದು ಕುರುಹೂ ದೊರೆತಿಲ್ಲ.

ಕಂಡವರು ಹೇಳಿದ್ದು ಇಷ್ಟು. ಮಕ್ಕಳು ಎತ್ತರದ, ಕೃಶ ಮುಖದ, ಹೊಂಬಣ್ಣದ ಕೂದಲಿನ ಒಬ್ಬ ವ್ಯಕ್ತಿಯೊಡನೆ ಸಲುಗೆಯಿಂದ ಆಡುತ್ತಿದ್ದರು. ಜೇನ್ ಹತ್ತಿರದ ಬೇಕರಿಯಲ್ಲಿ ಒಂದು ಪೌಂಡ್ ನೋಟು ಕೊಟ್ಟು ತಿಂಡಿ ಕೊಂಡಿದ್ದಳು. ತಾಯಿ ಕೊಟ್ಟಿದ್ದು ಕೆಲವು ನಾಣ್ಯಗಳನ್ನು ಮಾತ್ರ. ಆ ನೋಟನ್ನು ಬೇರೆ ಯಾರೋ ಕೊಟ್ಟಿರಬೇಕು. ಸಂಕೋಚ ಸ್ವಭಾವದ ಆ ಬಾಲಕಿ ಅಪರಿಚಿತನೊಬ್ಬನೊಡನೆ ಅಷ್ಟು ಸಲುಗೆಯಿಂದಿದ್ದಳೆಂಬುದನ್ನು ತಾಯಿಗೆ ನಂಬಲಾಗಲಿಲ್ಲ. ಕಡಲತೀರದಲ್ಲಿ ಅಕ್ಕನಿಗೆ ಒಬ್ಬ ಗೆಳೆಯನಿದ್ದಾನೆಂದು ಆರ್ನಾ ಕೆಲವು ದಿನಗಳ ಹಿಂದೆ ಹೇಳಿದ್ದು ಆಗ ನೆನಪಾಯಿತು. ಯಾರೋ ಆಟದ ಜೊತೆಗಾರನಿರಬೇಕೆಂದು ಅಂದು ಆಕೆ ಅದನ್ನು ತಮಾಷೆಯಾಗಿ ತೆಗೆದುಕೊಂಡಿದ್ದಳು.

ಹುಡುಕಾಟಕ್ಕೆ ಊರಿಗೆ ಊರೇ ಇಳಿಯಿತು. ಕಡಲತೀರ, ಮರಳ ದಿಬ್ಬ, ಕಟ್ಟಡಗಳನ್ನೆಲ್ಲ ಶೋಧಿಸಲಾಯಿತು. ದೋಣಿಗಳ ತಂಗುದಾಣದ ನೀರನ್ನೂ ಬರಿದುಮಾಡಿ ನೋಡಲಾಯಿತು. ಏನೂ ಸಿಗದಾದಾಗ, ಉತ್ತರಕ್ಕಾಗಿ ಹಸಿದಿದ್ದ ಸಮಾಜ ಉತ್ತರ ಕೊಡುತ್ತೇನೆಂದವರನ್ನೆಲ್ಲ ನಂಬತೊಡಗಿತು. ಅದೇ ವರ್ಷದ ನವೆಂಬರ್‌ನಲ್ಲಿ ದಿವ್ಯದೃಷ್ಟಿಯುಳ್ಳವನೆಂದು ಖ್ಯಾತನಾಗಿದ್ದ ಗೆರಾರ್ಡ್ ಕ್ರಾಯ್ಸೆಟ್ ಎಂಬಾತನನ್ನು ನೆದರ್‌ಲೆಂಡ್ಸ್‌ನಿಂದ ಕರೆಸಲಾಯಿತು. ಗೋದಾಮೊಂದರ ನೆಲದಡಿ ಮಕ್ಕಳ ದೇಹಗಳಿವೆ ಎಂದು ಆತ ಸೂಚಿಸಿದ. ನೆಲ ಅಗೆಯಲು ಸಾರ್ವಜನಿಕರು 40,000 ಡಾಲರ್ ಸಂಗ್ರಹಿಸಿದರು. ಅಗೆದರು, ಏನೂ ಸಿಗಲಿಲ್ಲ. ಮೂವತ್ತು ವರ್ಷಗಳ ನಂತರ, 1996ರಲ್ಲಿ, ಆ ಕಟ್ಟಡವನ್ನು ಭಾಗಶಃ ಕೆಡವಿದಾಗ ಮತ್ತೊಮ್ಮೆ ಅಗೆದರು. ಆಗಲೂ ಏನೂ ಸಿಗಲಿಲ್ಲ.

ಇದಕ್ಕಿಂತ ನಿರ್ದಯವಾದ ಘಟನೆಯೂ ನಡೆಯಿತು. ಮಕ್ಕಳು ಕಾಣೆಯಾಗಿ ಸುಮಾರು ಎರಡು ವರ್ಷಗಳಾದ ಮೇಲೆ ಜೇನ್ ಬರೆದಂತಿದ್ದ ಪತ್ರಗಳು ಹೆತ್ತವರ ಕೈಸೇರಿದವು. ಮಕ್ಕಳನ್ನು ತನ್ನ ಬಳಿ ಇಟ್ಟುಕೊಂಡಿದ್ದೇನೆಂದು ಹೇಳಿಕೊಂಡವನೊಬ್ಬನ ಪತ್ರವೂ ಬಂತು. ಆತ ಗೊತ್ತುಪಡಿಸಿದ ಸ್ಥಳಕ್ಕೆ ತಂದೆತಾಯಿಗಳು ಹೋಗಿ ಕಾದರು. ಯಾರೂ ಬರಲಿಲ್ಲ. ನೀವು ಪೊಲೀಸನನ್ನು ಜೊತೆಗೆ ತಂದಿರಿ, ಆದ್ದರಿಂದ ಮಕ್ಕಳನ್ನು ಒಪ್ಪಿಸುವುದಿಲ್ಲ ಎಂದು ಮತ್ತೊಂದು ಪತ್ರ ಬಂತು. ಆ ಪತ್ರಗಳನ್ನು ಹುಡುಗನೊಬ್ಬ ಮೋಜಿಗಾಗಿ ಬರೆದಿದ್ದನೆಂಬುದು ಬೆರಳಚ್ಚಿನ ಪರೀಕ್ಷೆಯಿಂದ ಬಯಲಾದದ್ದು 1992ರಲ್ಲಿ. ಅಷ್ಟು ಕಾಲ ಕಳೆದಿದ್ದರಿಂದ ಅವನ ಮೇಲೆ ಮೊಕದ್ದಮೆಯೂ ಹೂಡಲಾಗಲಿಲ್ಲ. ಪರರ ಆರದ ಗಾಯ ಕೆಲವರಿಗೆ ಆಟದ ವಸ್ತುವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

1973ರ ಆಗಸ್ಟ್ 25ರಂದು ಅದೇ ನಗರದ ಅಡಿಲೇಡ್ ಓವಲ್ ಮೈದಾನದಲ್ಲಿ ಫುಟ್ಬಾಲ್ ಪಂದ್ಯ ನಡೆಯುತ್ತಿದ್ದಾಗ 11 ಮತ್ತು 4 ವರ್ಷದ ಇಬ್ಬರು ಬಾಲಕಿಯರು ಕಾಣೆಯಾದರು. ಅವರೂ ಮರಳಲಿಲ್ಲ. ಮಾಸುತ್ತಿದ್ದ ಭೀತಿ ಇದರಿಂದ ಮತ್ತೆ ಹಸಿಯಾಯಿತು. ಮಕ್ಕಳು ತಾವಾಗಿಯೇ ಬಸ್ಸು ಹತ್ತುವ, ಸಮುದ್ರಕ್ಕೆ ಹೋಗುವ, ಕತ್ತಲಾಗುವವರೆಗೆ ಬೀದಿಯಲ್ಲಿ ಆಡುವ ರೂಢಿಯನ್ನು ಆ ಸಮಾಜ ಸಂಶಯದಿಂದ ನೋಡತೊಡಗಿತು. 'ಅಪರಿಚಿತರೊಡನೆ ಮಾತಾಡಬೇಡ' ಎಂಬ ಮಾತನ್ನು ತಾಯಂದಿರು ಮಕ್ಕಳಿಗೆ ಮತ್ತೆ ಮತ್ತೆ ಹೇಳಿದರು. ಆ ಜನವರಿ 26ರಂದು ಆಸ್ಟ್ರೇಲಿಯಾ ತನ್ನ ಮುಗ್ಧತೆಯನ್ನು ಕಳೆದುಕೊಂಡಿತೆಂದು ಇಂದಿಗೂ ಅಲ್ಲಿ ಹೇಳಲಾಗುತ್ತದೆ.

ಈ ಮಾತನ್ನು ಎರಡು ಕಾರಣಗಳಿಗಾಗಿ ಪರಿಶೀಲಿಸಬೇಕಾಗಿದೆ.

ಮೊದಲನೆಯದು, ಆ ಸಮಾಜ ಕಲಿತ ಪಾಠ ಪೂರ್ಣವಾದುದಲ್ಲ. ಆರ್ನಾ ಆಡಿದ್ದ ಮಾತು ಆ ವ್ಯಕ್ತಿಯ ಕುರಿತೇ ಆಗಿದ್ದರೆ, ಆತ ಮಕ್ಕಳ ಕಣ್ಣಿಗೆ ಅಪರಿಚಿತನೇ ಆಗಿರಲಿಲ್ಲ. ಹಲವು ದಿನಗಳ ಸ್ನೇಹದಿಂದ ಆತ ಪರಿಚಿತನಾಗಿಬಿಟ್ಟಿದ್ದ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವೆಸಗುವವರಲ್ಲಿ ಹೆಚ್ಚಿನವರು ಮಕ್ಕಳಿಗೆ ಮೊದಲೇ ಗೊತ್ತಿರುವವರು ಎಂಬುದನ್ನು ಲೋಕವೆಲ್ಲ ಇಂದು ಒಪ್ಪಿದೆ. ಹಾಗಿರುವಾಗ ಕೇವಲ ಹೊರಗಿನವನತ್ತ ಬೆರಳು ತೋರಿಸುವ ಎಚ್ಚರಿಕೆ ಮಗುವನ್ನು ಎಷ್ಟರಮಟ್ಟಿಗೆ ಕಾಪಾಡೀತು? ಮಗು ಆಡಿದ ಚಿಕ್ಕ ಮಾತಿಗೂ ಕಿವಿಗೊಡುವ ಮನೆಯೇ ಅದಕ್ಕೆ ಮೊದಲ ರಕ್ಷೆ. ಹೀಗೆಂದು ಬ್ಯೂಮಾಂಟ್ ದಂಪತಿಗಳನ್ನು ದೂರುವುದು ಅನ್ಯಾಯ. ಮಕ್ಕಳನ್ನು ತಾವಾಗಿ ಕಡಲತೀರಕ್ಕೆ ಕಳುಹಿಸುವುದು ಅಂದು ಎಲ್ಲರ ಮನೆಯ ರೂಢಿಯಾಗಿತ್ತು. ಅಂದಿನ ಜನರೂ ಅವರನ್ನು ದೂಷಿಸಲಿಲ್ಲ. ಇಂದಿನ ಅಳತೆಗೋಲಿನಿಂದ ನೊಂದವರನ್ನು ಅಳೆಯುವುದು ಇತಿಹಾಸವೂ ಅಲ್ಲ, ಮಾನವೀಯತೆಯೂ ಅಲ್ಲ.

ಎರಡನೆಯ ಕಾರಣ ಇನ್ನಷ್ಟು ಕಹಿಯಾದುದು. 1966ರ ಮುನ್ನ ಆ ನಾಡಿನಲ್ಲಿ ಮಕ್ಕಳು ಕಾಣೆಯಾಗುತ್ತಿರಲಿಲ್ಲವೇ? ಆಸ್ಟ್ರೇಲಿಯಾದ ಮೂಲನಿವಾಸಿಗಳ ಮಕ್ಕಳನ್ನು ಸರಕಾರದ ಅಧಿಕಾರಿಗಳೇ ತಾಯಂದಿರಿಂದ ಬೇರ್ಪಡಿಸಿ ಸಂಸ್ಥೆಗಳಿಗೂ ಬಿಳಿಯರ ಮನೆಗಳಿಗೂ ಒಪ್ಪಿಸುತ್ತಿದ್ದ ಕಾಲವದು. 1910ರಿಂದ 1970ರ ನಡುವೆ ಮೂಲನಿವಾಸಿ ಮಕ್ಕಳಲ್ಲಿ ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮಕ್ಕಳನ್ನು ಹೀಗೆ ಬಲವಂತವಾಗಿ ಒಯ್ಯಲಾಗಿತ್ತೆಂದು 1997ರ ರಾಷ್ಟ್ರೀಯ ವಿಚಾರಣಾ ವರದಿ ಅಂದಾಜಿಸಿತು. ಅಡಿಲೇಡ್ ಕೂಡ ಇದಕ್ಕೆ ಹೊರತಾಗಿರಲಿಲ್ಲ. 1957ರ ಕ್ರಿಸ್ಮಸ್ ದಿನ ಬ್ರೂಸ್ ಟ್ರೆವೊರೊ ಎಂಬ 13 ತಿಂಗಳ ಮಗುವನ್ನು ಹೊಟ್ಟೆನೋವಿಗಾಗಿ ಅಲ್ಲಿನ ಮಕ್ಕಳ ಆಸ್ಪತ್ರೆಗೆ ಸೇರಿಸಲಾಯಿತು. ಕೆಲವೇ ದಿನಗಳಲ್ಲಿ ಅಧಿಕಾರಿಗಳು ಹೆತ್ತವರಿಗೆ ತಿಳಿಸದೆ ಅದನ್ನು ಬಿಳಿಯ ಕುಟುಂಬವೊಂದಕ್ಕೆ ಕೊಟ್ಟುಬಿಟ್ಟರು. ಮಗು ಹೇಗಿದೆಯೆಂದು ತಾಯಿ ಪತ್ರ ಬರೆದಾಗ, ಚೇತರಿಸಿಕೊಳ್ಳುತ್ತಿದೆ, ವೈದ್ಯರಿಗೆ ಇನ್ನೂ ಸಮಯ ಬೇಕು ಎಂದು ಸುಳ್ಳು ಉತ್ತರ ಕೊಟ್ಟರು. ಬ್ರೂಸ್ ಮರಳಿ ತಾಯಿಯನ್ನು ಸೇರುವಾಗ ಹತ್ತು ವರ್ಷ ದಾಟಿತ್ತು. ಅಷ್ಟರಲ್ಲಿ ತಂದೆ ತೀರಿಕೊಂಡಿದ್ದರು. 2007ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಸುಪ್ರೀಂ ಕೋರ್ಟ್ ಆತನಿಗೆ 5,25,000 ಡಾಲರ್ ಪರಿಹಾರ ನೀಡಲು ತೀರ್ಪಿತ್ತಿತು. ಮರುವರ್ಷವೇ ಆತ ನಿಧನನಾದ.

ಒಂದೇ ನಗರದ ಈ ಎರಡು ಘಟನೆಗಳ ನಡುವೆ ಹತ್ತು ವರ್ಷಗಳ ಅಂತರವೂ ಇಲ್ಲ. ಮೂವರು ಮಕ್ಕಳಿಗಾಗಿ ಇಡೀ ನಾಡೇ ಕಣ್ಣೀರಿಟ್ಟಿತು; ಅದು ಸಹಜವೂ ಹೌದು, ಯೋಗ್ಯವೂ ಹೌದು. ಆದರೆ ಬ್ರೂಸ್‌ನ ತಾಯಿಗಾಗಿ ಯಾರೂ ನೆಲ ಅಗೆಯಲಿಲ್ಲ, ಹಣ ಕೂಡಿಸಲಿಲ್ಲ. ತಾನು ಮುಗ್ಧನಾಗಿದ್ದೆನೆಂದು ನೆನೆಯುವ ಸಮಾಜ, ತಾನು ಯಾರ ಅಳುವನ್ನು ಕೇಳಿಸಿಕೊಳ್ಳಲಿಲ್ಲವೆಂಬುದನ್ನೂ ನೆನೆಯಬೇಡವೇ? ಒಂದು ಸಮುದಾಯದ ಮಗು ಕಾಣೆಯಾದರೆ ರಾಷ್ಟ್ರೀಯ ದುರಂತ, ಇನ್ನೊಂದು ಸಮುದಾಯದ ಮಗು ಕಾಣೆಯಾದರೆ ಕಡತದಲ್ಲಿನ ಒಂದು ಸಾಲು ಎಂಬ ಭೇದ ಆಸ್ಟ್ರೇಲಿಯಾಕ್ಕೆ ಸೀಮಿತವಾದುದೇನಲ್ಲ. ಬಡವರ ಬೀದಿಯಿಂದ ಕಾಣೆಯಾದ ಮಕ್ಕಳ ದೂರನ್ನು ಕಡೆಗಣಿಸಿದಾಗ ಏನಾಗುತ್ತದೆಂಬುದನ್ನು 2006ರಲ್ಲಿ ಬೆಳಕಿಗೆ ಬಂದ ನೋಯ್ಡಾದ ನಿಠಾರಿ ಪ್ರಕರಣದಲ್ಲಿ ನಮ್ಮ ದೇಶವೂ ಕಂಡಿದೆ.

ಬ್ಯೂಮಾಂಟ್ ದಂಪತಿಗಳು ಬಹುಕಾಲ ಅದೇ ಮನೆಯಲ್ಲಿ ಉಳಿದರು. ಮಕ್ಕಳು ಎಂದಾದರೂ ಬಂದರೆ ಮನೆಯಲ್ಲಿ ನಾವಿಲ್ಲದಂತಾಗಬಾರದು ಎಂಬುದು ಅವರ ಆಸೆಯಾಗಿತ್ತು. 1990ರಲ್ಲಿ ಪತ್ರಿಕೆಗಳು ಕಂಪ್ಯೂಟರ್ ಸಹಾಯದಿಂದ ಮಕ್ಕಳ ಮುಖಗಳಿಗೆ ವಯಸ್ಸು ಸೇರಿಸಿ ಚಿತ್ರಗಳನ್ನು ಪ್ರಕಟಿಸಿದಾಗ ತಾಯಿ ಅವುಗಳನ್ನು ನೋಡಲು ನಿರಾಕರಿಸಿದಳು. ಕಾಲಕ್ರಮದಲ್ಲಿ ಅವರು ಮನೆಯನ್ನು ಮಾರಿದರು, ದಂಪತಿಗಳೂ ಬೇರೆಯಾದರು. 2019ರಲ್ಲಿ 92ರ ವಯಸ್ಸಿನಲ್ಲಿ ತಾಯಿಯೂ, 2023ರಲ್ಲಿ 97ರ ವಯಸ್ಸಿನಲ್ಲಿ ತಂದೆಯೂ ಉತ್ತರ ತಿಳಿಯದೆಯೇ ಕಣ್ಮುಚ್ಚಿದರು. ನಗರದ ಹಳೆಯ ಕಾರ್ಖಾನೆಯೊಂದರ ನೆಲವನ್ನು 2013, 2018 ಮತ್ತು 2025ರಲ್ಲಿ ಅಗೆದು ನೋಡಲಾಯಿತು. ಸುಳಿವು ಕೊಟ್ಟವರಿಗೆ ಹತ್ತು ಲಕ್ಷ ಡಾಲರ್ ಬಹುಮಾನವನ್ನೂ ಸಾರಲಾಗಿದೆ.

ಉತ್ತರವಿಲ್ಲದ ಪ್ರಶ್ನೆಯೊಡನೆ ಬಾಳುವುದು ಯಾವ ಸಮಾಜಕ್ಕೂ ಸುಲಭವಲ್ಲ. ಆ ಶೂನ್ಯವನ್ನು ವದಂತಿ, ಸಂಶಯ ಮತ್ತು ಸುಳ್ಳು ಭರವಸೆಗಳಿಂದ ತುಂಬಿದಾಗ ಅದರ ಬೆಲೆ ತೆತ್ತವರು ಮತ್ತೆ ಹೆತ್ತವರೇ. ತಿಳಿಯದ್ದನ್ನು ತಿಳಿಯದೆಂದು ಒಪ್ಪುವ ಪ್ರಾಮಾಣಿಕತೆ ನೊಂದವರಿಗೆ ನಾವು ಸಲ್ಲಿಸಬೇಕಾದ ಮೊದಲ ಗೌರವ. ಹಾಗೆಯೇ, ಕಾಣೆಯಾದ ಮಗು ಯಾರದು, ಯಾವ ಬೀದಿಯದು, ಯಾವ ಬಣ್ಣದ್ದು ಎಂದು ಕೇಳುವ ಮೊದಲೇ ಹುಡುಕಲು ಹೊರಡುವುದು ಸಮಾಜವೊಂದರ ಧರ್ಮ. ಅಡಿಲೇಡ್ ತನ್ನ ಮೂವರು ಮಕ್ಕಳನ್ನು ಆರು ದಶಕಗಳ ಕಾಲ ಮರೆಯಲಿಲ್ಲ. ಅಂತಹ ನೆನಪು ಪ್ರತಿಯೊಂದು ಮಗುವಿಗೂ ಸಲ್ಲಬೇಕಾದ ಹಕ್ಕು.